ಬಾಟಲಿಯ ಮಡಿ

ತಿಪ್ಪೆಯಲ್ಲಿ ಸಿಕ್ಕ ಪ್ಲಾಸ್ಟಿಕ್ ಸೋಡಾ ಬಾಟಲಿಯಿಂದ ಮಕ್ಕಳು ನೀರಿನ ರಾಕೆಟ್ ಮಾಡಿದರು. ಅಲ್ಲೇ ಬಿದ್ದಿದ್ದ ಹವಾಯಿ ಚಪ್ಪಲಿಯೊಂದನ್ನು ಕೊಯ್ದು ಬಿರಡೆ ಮಾಡಿ, ನೀರು ಹಾಕಿದ ಬಾಟಲಿಯ ಬಾಯಿಗೆ ಜಡಿದು, ಸೈಕಲ್ ಪಂಪಿನಿಂದ ಗಾಳಿ ಹೊಡೆಯತೊಡಗಿದರು.

"ಥೂ! ಕಾಲಡಿ ಬಿದ್ದಿದ್ದವನು ನನ್ನ ಬಾಯಿಗೆ ಬರುವುದೇ? ತೊಲಗಾಚೆ!" ಎಂದಿತು ಬಾಟಲಿ.

ಬಿರಡೆಗೆ ಮೈಯೆಲ್ಲ ಉರಿಯಿತು. "ತಿಪ್ಪೆಯಲ್ಲಿ ನಿನ್ನ ಪಕ್ಕದಲ್ಲೇ ಬಿದ್ದಿದ್ದೆನಲ್ಲ, ಆಗ ಎಲ್ಲಿತ್ತು ಈ ಮಡಿ? ಗಾಳಿ ತುಂಬುವವರೆಗೆ ನನ್ನನ್ನು ಬಿಗಿಯಾಗಿ ಹಿಡಿದುಕೋ. ಇಲ್ಲದಿದ್ದರೆ ನೀನು ಹಾರಿದಂತೆಯೇ!"

ಬಾಟಲಿ ಕೇಳಲಿಲ್ಲ. ಗಾಳಿ ತುಂಬುವ ಮೊದಲೇ ಬಿರಡೆಯನ್ನು ಉಗುಳಿ, ನೀರೆಲ್ಲ ಚೆಲ್ಲಿ, ನಿಂತಲ್ಲೇ ಮಗುಚಿಕೊಂಡಿತು. ಬೇಸತ್ತ ಮಕ್ಕಳು ಅದನ್ನು ತಿಪ್ಪೆಗೆಸೆದು, ಅದೇ ಬಿರಡೆಯನ್ನು ಬೇರೊಂದು ಬಾಟಲಿಗೆ ಬಿಗಿದರು. ಅದು ತೆಂಗಿನಮರ ದಾಟಿ ಹಾರಿತು.

ಅಯ್ಯೋ ಎನ್ನಲೂ ಮಡಿವಂತ ಬಾಟಲಿಗೆ ಆಗಲಿಲ್ಲ. ಬಿರಡೆಗೆಂದು ಕೊಯ್ದ ಚಪ್ಪಲಿಯ ಜೋಡಿ ಚಪ್ಪಲಿ ತಿಪ್ಪೆಯಲ್ಲಿ ಅದರ ಬಾಯಿಗೇ ಒತ್ತಿಕೊಂಡು ಬಿದ್ದಿತ್ತು.