ಬೆನ್ನಿನ ಮಣ್ಣು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಿದ್ದಿರ್ಲಿಲ್ವಂತೆ, ಅಂಥಾ ಕಾಲದಲ್ಲಿ ಒಬ್ಬ ರಾಜ ಇದ್ನಂತೆ. ಆ ರಾಜಂಗೆ ಆನೆ ಬೇಡ, ಕುದುರೆ ಬೇಡ, ಕುಸ್ತಿ ಅಂದ್ರೆ ಸಾಕು, ಬಾಯಿಗಿಟ್ಟ ತುತ್ತು ಬಿಟ್ಟು ಎದ್ದು ಬರ್ತಿದ್ನಂತೆ. ಅವನ ಊರಲ್ಲಿ ಎರಡು ಗರಡಿ ಮನೆ. ತೊರೆಕೇರಿ ಗರಡೀಲಿ ಜವರ ಅಂತ ಒಬ್ಬ ಪೈಲ್ವಾನ, ಕೋಟೆಬಾಗಿಲ ಗರಡೀಲಿ ಬುಡನ್ ಅಂತ ಇನ್ನೊಬ್ಬ. ಇಬ್ರಿಗೂ ಕುಸ್ತಿಯೇ ಕಸುಬು, ಅರಮನೆಯಿಂದ ದಿನಾ ಹಾಲು ಬಾದಾಮಿ ಬರ್ತಿತ್ತಂತೆ. ನೀನು ಒಂದು ಲೋಟ ಹಾಲಿಗೆ ಮುಖ ಸಿಂಡರಿಸ್ತೀಯಲ್ಲ, ಅವರು ಬಿಂದಿಗೆಗೇ ಬಾಯಿ ಹಚ್ಚೋರಂತೆ.

ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ಕುಸ್ತೀಲಿ ಯಾರ ಬೆನ್ನು ನೆಲಕ್ಕೆ ತಾಗುತ್ತೋ ಅವನು ಸೋತ. ಸೋತವನ ಬೆನ್ನಿಗೆ ಕೆಮ್ಮಣ್ಣು ಮೆತ್ಕೊಂಡಿರುತ್ತಲ್ಲ, ಅದನ್ನ ಗೆದ್ದವನೇ ತನ್ನ ಕೈಯಾರೆ ಒರೆಸ್ಬೇಕು. ಯಾಕೆ ಅಂದ್ರೆ ಯಾರಿಗೂ ತನ್ನ ಬೆನ್ನು ತನ್ನ ಕೈಗೆ ಎಟುಕಲ್ಲ ನೋಡು. ಸೋತವನು ಮಣ್ಣು ಹೊತ್ಕೊಂಡೇ ಅಖಾಡದಿಂದ ಆಚೆ ಕಾಲಿಟ್ನೋ, ಗೆದ್ದವನು ಗೆದ್ದಹಾಗಲ್ಲ, ಅವನೇ ಸೋತ ಅಂತ ತೀರ್ಮಾನ. ಹೊತ್ತು ಮುಳುಗಿದ ಮೇಲೆ ಅಖಾಡದ ಮಣ್ಣಿಗೆ ದೀಪ ಹಚ್ಚಿ ಮಲಗಿಸಿಬಿಡ್ತಿದ್ರಂತೆ, ಆಮೇಲೆ ಯಾರೂ ಅದರ ಮೇಲೆ ನಿಲ್ಲೋ ಹಾಗಿಲ್ಲ. ಇನ್ನೊಂದು ಕಟ್ಟಳೆ ರಾಜಂದು. ಮೂರು ವರ್ಷ ಒಂದೇ ಸಮ ಸೋತವನು ಲಂಗೋಟಿ ಅಟ್ಟಕ್ಕೆ ಎಸೆದು ಮನೆ ಸೇರ್ಬೇಕು, ಮತ್ತೆ ಕುಸ್ತಿ ಅನ್ನೋ ಹಾಗಿಲ್ಲ.

ಇವರಿಬ್ರಿಗೂ ವರ್ಷಕ್ಕೊಂದ್ಸಲ ರಾಜನ ಎದುರಿಗೆ ಕುಸ್ತಿ. ಮೊದಲನೇ ವರ್ಷ ಜವರ ಸೋತ. ಎಲ್ಲರ ಎದುರಿಗೆ ಆಕಾಶ ನೋಡ್ತಾ ಬಿದ್ದಿದ್ನಂತೆ ಪಾಪ. ಬುಡನ್ ಅವನನ್ನ ಎಬ್ಬಿಸಿ ಕೂರಿಸಿ, ಒದ್ದೆ ಬಟ್ಟೇಲಿ ಬೆನ್ನು ಒರೆಸ್ತಾ ಒರೆಸ್ತಾ ಕಿವಿ ಹತ್ರ ಬಗ್ಗಿ, ಲೋ ತಮ್ಮ, ನಿನ್ನ ಎಡಗಾಲು ಚಾಡಿ ಹೇಳುತ್ತೆ ಕಣೋ, ನೀನು ನುಗ್ಗೋಕೆ ಮುಂಚೆ ಅದರ ಹಿಮ್ಮಡಿ ಮೇಲೇಳುತ್ತೆ, ನಂಗೆ ಗೊತ್ತಾಗ್ಬಿಡುತ್ತೆ ಅಂದ್ನಂತೆ. ಜವರ ಗರಡಿಗೆ ಬಂದು ಹೇಳಿದ್ರೆ ಅವನ ಕಡೆಯೋರೆಲ್ಲ ಬಿದ್ದು ಬಿದ್ದು ನಕ್ರಂತೆ. ಅಯ್ಯೋ ಪೆದ್ದೇ, ಸೋಲಿಸಿದವನು ಯಾವನಾದ್ರೂ ಗೆಲ್ಲೋ ಉಪಾಯ ಹೇಳಿಕೊಡ್ತಾನಾ, ನಿನ್ನ ಗಮನವೆಲ್ಲ ಕಾಲ ಮೇಲೆ ಇರ್ಲಿ ಅಂತ ಹೂಡಿರೋ ಆಟ ಅದು ಅಂದ್ರಂತೆ. ಜವರಂಗೂ ಹೌದು ಅನ್ನಿಸ್ತಂತೆ.

ಎರಡನೇ ವರ್ಷಾನೂ ಸೋತ. ಬುಡನ್ ಮತ್ತೆ ಬೆನ್ನು ಒರೆಸ್ತಾ, ಅದೇ ಕಾಲು, ಅದೇ ಹಿಮ್ಮಡಿ, ಕಿವಿಗೇನು ಹತ್ತಿ ತುರುಕ್ಕೊಂಡಿದ್ಯೇನೋ ಅಂದ್ನಂತೆ.

ಆಮೇಲೆ ಜವರ ಮನೆಗೆ ಬಂದು ಅವ್ವನ ಮುಂದೆ ನಿಂತ. ಅವನವ್ವ ಹೊಂಬಾಳಮ್ಮ ಹುಣಸೆಹಣ್ಣು ಬಿಡಿಸ್ತಾ ಕೂತಿದ್ಲಂತೆ. ಅವ್ವ, ನಾನು ಈ ಕಂಬದ ಮೇಲೆ ನುಗ್ತೀನಿ, ನನ್ನ ಎಡಗಾಲು ನೋಡ್ತಿರು ಅಂದ. ನುಗ್ಗಿದ. ಎದ್ತು ಕಣ್ಮಗ, ಅಂದ್ಲು ಅವ್ವ. ಮತ್ತೆ ನುಗ್ಗಿದ, ಮತ್ತೆ ಎದ್ತು. ಜವರಂಗೆ ನಾಚಿಕೆ ಅನ್ನೋದು ಕಿವಿ ತುದೀಗಂಟ ಬಂತಂತೆ, ಅಯ್ಯೋ ಆ ಮನುಷ್ಯ ನಿಜ ಹೇಳಿದ್ದ, ನಾನು ನಂಬ್ಲಿಲ್ವಲ್ಲ ಅಂತ. ಅವತ್ತಿಂದ ವರ್ಷಪೂರ್ತಿ ದಿನಾ ಸಂಜೆ ಅವನು ಕಂಬಕ್ಕೆ ನುಗ್ಗೋದು, ಹಿಮ್ಮಡಿ ಎದ್ರೆ ಅವ್ವ ಹುಣಸೆ ಬೀಜ ಎತ್ತಿ ಟಪ್ಪಂತ ಕಾಲಿಗೆ ಹೊಡೆಯೋದು. ಹೊಡೆದೂ ಹೊಡೆದೂ ಅಂಗಳದ ಮೂಲೇಲಿ ಒಂದು ಹುಣಸೆ ಸಸಿ ಹುಟ್ಟಿಬಿಡ್ತಂತೆ!

ಮೂರನೇ ವರ್ಷ ಬಂತು. ಇವತ್ತು ಬಿದ್ರೆ ಮುಗೀತು, ಜವರಂಗೆ ಬೇರೆ ಕೆಲಸ ಏನೂ ಬರಲ್ಲ, ಕುಸ್ತಿ ಬಿಟ್ರೆ ಅವನಿಗೆ ಕನಸೂ ಬೀಳ್ತಿರ್ಲಿಲ್ಲ. ಬುಡನ್ ಅವನ ಎಡಗಾಲನ್ನೇ ನೋಡ್ತಾ ನಿಂತ. ಕಾಲು ಸುಮ್ನಿತ್ತು. ಬುಡನ್ ಮುಖದಲ್ಲಿ ಸಣ್ಣಗೆ ಒಂದು ನಗು ಬಂತಂತೆ, ಅಷ್ಟರಲ್ಲಿ ಜವರ ನುಗ್ಗಿ, ಸೊಂಟಕ್ಕೆ ಕೈ ಹಾಕಿ, ಎತ್ತಿ, ದೊಪ್ಪಂತ! ಬುಡನ್ ಚಿತ್!

ಅಬ್ಬಬ್ಬಾ, ಆಮೇಲೆ ಆ ಗದ್ದಲ ಕೇಳ್ಬೇಕಿತ್ತು. ತಮಟೆ ಏನು, ಕಹಳೆ ಏನು. ರಾಜ ಜವರನ ತಲೆಗೆ ಜರಿಪೇಟ ಸುತ್ತಿದ. ಅವನ ಕಡೆಯೋರು ಹೆಗಲ ಮೇಲೆ ಹೊತ್ಕೊಂಡು ಕೇರಿ ಕೇರಿ ಸುತ್ತಿಸಿದ್ರು. ಜವರಂಗೆ ಮೈಮೇಲೆ ಜ್ಞಾನವೇ ಇರ್ಲಿಲ್ವಂತೆ, ಕೈ ಬೀಸೋದು, ನಗೋದು, ಕೈ ಬೀಸೋದು, ನಗೋದು. ಹಂಗೇ ಮನೆ ಬಾಗಿಲಿಗೆ ಬಂದಿಳಿದ. ಅವ್ವ ನೀರು ಕಾಯಿಸಿಟ್ಟಿದ್ಲು. ಮಗನ್ನ ತಿರುಗಿಸಿ ಬೆನ್ನು ಸವರಿ, ಎಷ್ಟು ಚೊಕ್ಕಟವಾಗೈತೆ ಕಣ್ಮಗ, ಒಂದು ಚೂರು ಮಣ್ಣಿಲ್ಲ ಅಂತ ಕಣ್ಣೀರು ಹಾಕಿದ್ಲಂತೆ. ಆಮೇಲೆ ಕಣ್ಣು ಒರೆಸ್ಕೊಂಡು, ಬುಡನ್ ಬೆನ್ನು ಒರೆಸಿ ಬಂದ್ಯೇನೋ ಅಂದ್ಲು.

ಜವರ ಹಣೆ ಚಚ್ಕೊಂಡ. ಮರ್ತೇಬಿಟ್ಟಿದ್ದ!

ಹೊತ್ತು ಆಗ್ಲೇ ಕೋಟೆ ಗೋಡೆ ಹತ್ರ ಇಳಿದಿತ್ತು. ಓಡಿದ ನೋಡು. ಬುಡನ್ ಇಷ್ಟೊತ್ತಿಗೆ ಮನೆಗೆ ಹೋಗಿರ್ತಾನೆ, ನಾನು ಸೋತ ಹಾಗೇ ಆಯ್ತು, ಮೂರನೇ ಸಲ ಅಂತ ಗೋಳಾಡ್ತಾ ಓಡಿದ. ದಾರೀಲಿ ಮಜ್ಜಿಗೆ ಮಾರೋ ಮುದುಕಿ ಸಿಕ್ಕಿ, ಏ ಮರೆಗುಳಿ, ಎಲ್ಲಿ ಸತ್ತಿದ್ದೆ, ಆವಪ್ಪ ಅಖಾಡದಲ್ಲೇ ಕೂತವ್ನೆ, ನನ್ನ ಸೆರಗಲ್ಲೇ ಒರೆಸ್ತೀನಿ ಬಾರಪ್ಪ ಅಂದ್ರೆ ಬೇಡ ಕಣಜ್ಜಿ, ಅವನು ಬರ್ತಾನೆ ಅಂತಾನೆ ಅಂದ್ಲಂತೆ. ಇನ್ನೊಂದಷ್ಟು ದೂರ ಓಡಿದ್ರೆ ಅರಮನೆ ದಫೇದಾರ ಸಿಕ್ಕಿದ. ಅವನು ಮೀಸೆ ತಿರುವ್ತಾ, ಆ ಬುಡನ್‌ಗೆ ನಾನು ಒಂದು ಹೆಜ್ಜೆ ಆಚೆ ಇಡೋ ಮಾರಾಯ, ಗೆಲುವು ನಿಂದೇ, ಆ ಜವರನ ಲಂಗೋಟಿ ಅಟ್ಟ ಸೇರುತ್ತೆ ಅಂತ ಹೇಳ್ದೆ, ಅದಕ್ಕವನು ಸ್ವಾಮಿ ಸ್ವಲ್ಪ ಪಕ್ಕಕ್ಕೆ ಸರೀರಿ, ದಾರಿಗೆ ಅಡ್ಡ ನಿಂತಿದೀರಿ, ಅವನು ಬರೋದು ಕಾಣಲ್ಲ ಅಂದ್ಬಿಟ್ಟ ಅಂದ್ನಂತೆ. ಜವರನ ಕಣ್ಣು ತುಂಬ್ಕೊಂಡು ದಾರಿನೇ ಕಾಣ್ತಿರ್ಲಿಲ್ಲ. ಇನ್ನೂ ಓಡಿದ್ರೆ ಬುಡನ್ ಹೆಂಡ್ತಿ ಕಾಸಿಂಬಿ ರೊಟ್ಟಿ ಗಂಟು ಹಿಡ್ಕೊಂಡು ವಾಪಸ್ ಬರ್ತಿದ್ಲು. ಬೆನ್ನು ಒರೆಸೋವರೆಗೂ ಅನ್ನ ಮುಟ್ಟಲ್ವಂತೆ ಕಣಣ್ಣ, ಮದುವೆ ದಿನ ನನಗೋಸ್ಕರಾನೂ ಇಷ್ಟು ಕಾದಿರ್ಲಿಲ್ಲ ಈ ಮನುಷ್ಯ, ಹೋಗು ಬೇಗ ಅಂತ ಬೈದ್ಲಂತೆ. ಬೈದು ತಾನೂ ಅವನ ಹಿಂದೆ ಓಡಿದ್ಲಂತೆ.

ಅಖಾಡದ ಅಂಚಿನಲ್ಲಿ ಕುಸ್ತಿ ಕಲಿಸೋ ಮುದಿ ಉಸ್ತಾದ್ರು ದೀಪ ಹಿಡ್ಕೊಂಡು ನಿಂತಿದ್ರು. ಸೂರ್ಯ ಗೋಡೆ ಮೇಲೆ ಒಂದು ಎಳೆ ಮಾತ್ರ. ಬುಡನ್ ಮಣ್ಣಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದ, ಬೆನ್ನ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತಂತೆ. ಜವರ ಬಂದವನೇ ಹುಡುಕಿದ್ರೆ ಬಟ್ಟೆ ಇಲ್ಲ. ತಲೆ ಮೇಲಿನ ಜರಿಪೇಟ ಬಿಚ್ಚಿದ, ನೀರಿನ ಕೊಳಗಕ್ಕೆ ಅದ್ದಿದ, ಒರೆಸೋಕೆ ಶುರು ಮಾಡಿದ. ಬುಡನ್ ಬೆಚ್ಚಿಬಿದ್ದು, ಲೋ ಲೋ, ಅದು ಅರಮನೆ ಪೇಟ ಕಣೋ ಅಂದ. ಇರ್ಲಿ ಅಣ್ಣ, ಇದು ಅರಮನೇಗಿಂತ ದೊಡ್ಡ ಬೆನ್ನು ಅಂದ ಜವರ. ಅಣ್ಣ, ಎರಡು ವರ್ಷ ನನ್ನ ಬೆನ್ನು ಒರೆಸ್ದೆ, ಗೆಲ್ಲೋದು ಹೇಳಿಕೊಟ್ಟೆ, ಇವತ್ತು ನನ್ನ ಗೆಲುವಿಗೂ ಕಾವಲು ಕೂತೆ, ನಿನಗೆ ಏನಂತ ಹೇಳ್ಲಿ ನಾನು ಅಂತ ಬಿಕ್ಕಿದ. ಮೊದ್ಲು ಬಲಗಡೆ ಉಜ್ಜೋ, ಆಗ್ಲಿಂದ ಕಡೀತಾ ಐತೆ ಅಂದ ಬುಡನ್!

ಬೆನ್ನು ಪೂರ್ತಿ ಚೊಕ್ಕಟ ಆಗೋದಕ್ಕೂ ಸೂರ್ಯ ಮುಳುಗೋದಕ್ಕೂ ಸರಿಹೋಯ್ತಂತೆ. ಇಬ್ರೂ ಮಣ್ಣಿಂದ ಆಚೆ ಬಂದ್ರು, ಉಸ್ತಾದ್ರು ದೀಪ ಹಚ್ಚಿಟ್ರು. ಆಮೇಲೆ ಜವರ ಅವನ ಕಿವಿ ಹತ್ರ ಬಗ್ಗಿ, ಅಣ್ಣ, ನೀನು ಪಟ್ಟು ಹಾಕೋಕೆ ಮುಂಚೆ ಉಸಿರು ಬಿಗಿ ಹಿಡೀತೀಯ, ಅದು ನಂಗೆ ಕೇಳುತ್ತೆ ಅಂದ. ಕಾಸಿಂಬಿ ಹಿಂದಿನಿಂದ, ನಾನು ಅದನ್ನೇ ಹೇಳಿ ಹೇಳಿ ಸೋತೆ, ನನ್ನ ಮಾತು ಯಾರು ಕೇಳ್ತಾರೆ ಅಂದ್ಲಂತೆ.

ಅಷ್ಟರಲ್ಲಿ ದಫೇದಾರ ಹೋಗಿ ಹೇಳಿದ್ದಕ್ಕೆ ರಾಜಾನೂ ಬಂದ. ಅಲ್ಲಯ್ಯಾ ಬುಡನ್, ಒಂದು ಹೆಜ್ಜೆ ಇಟ್ಟಿದ್ರೆ ನೀನೇ ಗೆಲ್ತಿದ್ದೆ, ಯಾಕೆ ಇಡ್ಲಿಲ್ಲ ಅಂತ ಕೇಳಿದ. ಬುಡನ್ ತಲೆ ಕೆರ್ಕೊಂಡು, ಇವನನ್ನ ಮನೆಗೆ ಕಳಿಸಿಬಿಟ್ರೆ ನಾಳೆಯಿಂದ ನಾನು ಯಾರ ಜೊತೆ ಕುಸ್ತಿ ಆಡ್ಲಿ ಬುದ್ಧಿ, ಗೋಡೆ ಜೊತೆಗಾ ಅಂದ್ನಂತೆ. ರಾಜ ಅಲ್ಲೇ, ಆ ದೀಪದ ಮುಂದೆ, ಮೂರು ಸಲ ಸೋತವನು ಮನೆಗೆ ಹೋಗ್ಬೇಕು ಅನ್ನೋ ಕಟ್ಟಳೆ ತೆಗೆದುಹಾಕಿದ. ಕಾಸಿಂಬಿ ರೊಟ್ಟಿ ಗಂಟು ಬಿಚ್ಚಿದ್ಲು, ಇಬ್ರೂ ಒಂದೇ ಎಲೇಲಿ ಉಂಡ್ರು.

ಆಮೇಲೆ ಒಂದು ವರ್ಷ ಅವನು ಗೆಲ್ಲೋದು, ಒಂದು ವರ್ಷ ಇವನು ಗೆಲ್ಲೋದು, ಇವನ ಬೆನ್ನು ಅವನು ಒರೆಸೋದು, ಅವನ ಬೆನ್ನು ಇವನು ಒರೆಸೋದು, ಗಡ್ಡ ಬೆಳ್ಳಗಾಗೋವರೆಗೂ. ಆ ಜರಿಪೇಟದ ಕೆಂಪು ಕಲೆ ಹೋಗ್ಲೇ ಇಲ್ವಂತೆ, ಜವರನೂ ತೊಳೆಯೋಕೆ ಬಿಡ್ಲಿಲ್ವಂತೆ. ಆ ಹುಣಸೆ ಸಸಿ ಮರವಾಗಿ, ಅದರ ನೆರಳಲ್ಲಿ ಎರಡು ಗರಡಿ ಮಕ್ಕಳೂ ಆಡ್ತಿದ್ರಂತೆ.

ಅಲ್ಲಿಗೆ ಕತೆ ಮುಗೀತು, ಕತೆ ಬೆನ್ನೂ ಒರೆಸಾಯ್ತು. ಈಗ ನಿನ್ನ ಬೆನ್ನು ಈ ಕಡೆ ತಿರುಗಿಸು. ನಿಂಗೂ ಎಟುಕಲ್ವಲ್ಲ, ನಾನೇ ತಟ್ತೀನಿ.