ಬಾಗಿಲು ಹಾಕಿಕೊಂಡು ಕಲಿತವಳು

ಕಪಿಲಾ ನದಿಯ ದಡದಲ್ಲಿ ಅಪ್ರಮೇಯ ಮೇಷ್ಟ್ರ ಆಶ್ರಮ. ಕಂಪನಿಗಳನ್ನು ನಡೆಸುವವರು ಮೂರು ದಿನದ ಪಾಠಕ್ಕೆಂದು ಅಲ್ಲಿಗೆ ಬರುತ್ತಿದ್ದರು.

ಮೇಷ್ಟ್ರಿಗೆ ಎಪ್ಪತ್ತೆಂಟು. ನಗು ಬಂದರೆ ತಡೆದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ಒಂದು ಶುಕ್ರವಾರ ಕುಮುದಿನಿ ಬಂದಳು. ಮುನ್ನೂರು ಜನ ಕೆಲಸ ಮಾಡುವ ಪಾರ್ಸೆಲ್ ಲಾರಿ ಕಂಪನಿಗೆ ಆಕೆ ಮುಖ್ಯಸ್ಥೆ. ಯಾವ ಲಾರಿ ಯಾವ ದಾರಿ ಹಿಡಿಯಬೇಕೆಂದು ಇನ್ನೊಂದು ತಿಂಗಳಲ್ಲಿ ಕೃತಕ ಬುದ್ಧಿಮತ್ತೆ ಹೇಳಲಿತ್ತು. ಆ ಸುದ್ದಿ ಹಬ್ಬಿದಾಗಿನಿಂದ ಆಫೀಸಿನಲ್ಲಿ ಮಾತೇ ನಿಂತುಹೋಗಿತ್ತು. ಇಪ್ಪತ್ತಾರು ವರ್ಷದಿಂದ ಲಾರಿಗಳ ದಾರಿ ಗೊತ್ತುಮಾಡುತ್ತಿದ್ದ ಇನಾಯತ್ ರಾಜೀನಾಮೆ ಕೊಟ್ಟಿದ್ದರು. ಸೋಮವಾರ ಅವರ ಕೊನೆಯ ದಿನ.

ಕುಮುದಿನಿ ದಪ್ಪ ನೋಟ್‌ಬುಕ್ ಒಂದನ್ನು ಮೇಷ್ಟ್ರ ಮುಂದಿಟ್ಟಳು.

"ಎಐ ಬಗ್ಗೆ ನನ್ನ ಜನ ಕೇಳಬಹುದಾದ ಪ್ರಶ್ನೆಗಳು ಮೇಷ್ಟ್ರೇ. ನೂರ ಹದಿನಾಲ್ಕು ಇವೆ. ಸೋಮವಾರ ಎಲ್ಲರನ್ನೂ ಸೇರಿಸಿ ಮಾತಾಡಬೇಕು, ಅಷ್ಟರಲ್ಲಿ ಎಲ್ಲಕ್ಕೂ ಉತ್ತರ ಬೇಕು."

ಮೇಷ್ಟ್ರು ಮೊದಲನೆಯದನ್ನು ಓದಿದರು. "'ನನ್ನ ಕೆಲಸ ಹೋಗುತ್ತಾ?' ಇದನ್ನ ಕೇಳಿದ್ದು ಯಾರಮ್ಮ?"

"ಯಾರೂ ಕೇಳಿಲ್ಲ. ಕೇಳಬಹುದು ಅಂತ ನಾನೇ ಬರೆದೆ."

"ಮುನ್ನೂರು ಜನರಲ್ಲಿ ಒಬ್ಬರೂ ಕೇಳಲಿಲ್ಲವಾ?"

"ಇಲ್ಲ."

ಮೇಷ್ಟ್ರು ನೋಟ್‌ಬುಕ್ ಮುಚ್ಚಿ ವಾಪಸ್ ಕೊಟ್ಟರು. ಜುಬ್ಬದ ಜೇಬಿನಿಂದ ಹೊಸ ಫೋನು ತೆಗೆದರು.

"ಆಮೇಲೆ ನೋಡೋಣ. ಮೊದಲು ಇದರೊಳಗಿರೋ ಎಐನ ನನಗೆ ಹೇಳಿಕೊಡು."

ಆಕೆಗೆ ಅಚ್ಚರಿಯಾಯಿತು. "ನಿಮಗೆ ಬರಲ್ವಾ?"

"ಎಲ್ಲಿ ಬರುತ್ತೆ! ಫೋನು ಕೊಂಡು ಮೂರು ದಿನ ಆಯ್ತು. ನನ್ನ ತಂಗಿಗೆ ಒಂದು ಪತ್ರ ಬರೆಸು ನೋಡೋಣ. ಉಪ್ಪಿನಕಾಯಿ ಮುಗೀತು ಅಂತ."

ಆಕೆ ತೋರಿಸಿಕೊಟ್ಟಳು. ಮೇಷ್ಟ್ರು ಫೋನಿಗೆ ಬಾಯಿಟ್ಟು ಕೂಗಿ ಹೇಳಿದರು. ಪತ್ರ ಬಂತು. ಕುಮುದಿನಿ ಓದಿದಳು:

"ಗೌರವಾನ್ವಿತ ಸಹೋದರಿಯವರೇ, ತಮ್ಮ ಅಮೂಲ್ಯ ಗಮನಕ್ಕೆ ತರಬಯಸುವುದೇನೆಂದರೆ, ಉಪ್ಪಿನಕಾಯಿಯು ಸಂಪೂರ್ಣವಾಗಿ ಖಾಲಿಯಾಗಿರುತ್ತದೆ."

ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ತಹಸೀಲ್ದಾರರಿಗೆ ಅರ್ಜಿ ಹಾಕಿದ ಹಾಗಿದೆ! ಇದು ಯಾಕೆ ಹೀಗೆ ಬರೆಯಿತು?"

"ಗೊತ್ತಿಲ್ಲ ಮೇಷ್ಟ್ರೇ."

ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಏನಾಯ್ತು?" ಎಂದಳು ಆಕೆ ಗಾಬರಿಯಿಂದ.

"ಗೊತ್ತಿಲ್ಲ ಅಂದೆಯಲ್ಲ. ನಿನ್ನ ಆಫೀಸಿನಲ್ಲಿ ಈ ಮಾತು ಕೊನೆಯ ಸಲ ಯಾವಾಗ ಹೇಳಿದೆ?"

ಕುಮುದಿನಿ ಯೋಚಿಸಿದಳು. ನೆನಪಾಗಲಿಲ್ಲ.

"ನೀನು ಈ ಎಐನ ಎಲ್ಲಿ ಕಲಿತೆ?"

"ನನ್ನ ಕ್ಯಾಬಿನ್ನಲ್ಲಿ. ಊಟದ ಹೊತ್ತಲ್ಲಿ."

"ಬಾಗಿಲು?"

"ಹಾಕಿಕೊಂಡು." ಆಕೆಯ ದನಿ ತಗ್ಗಿತು. "ನಾನು ತಡವರಿಸುವುದನ್ನ ಅವರು ನೋಡಿದರೆ ಗೌರವ ಉಳಿಯುತ್ತಾ?"

ಮೇಷ್ಟ್ರು ಆ ದಿನವೆಲ್ಲ ಫೋನಿಗೆ ಏನೇನೋ ಕೇಳುತ್ತ, ತಪ್ಪು ಗುಂಡಿ ಒತ್ತುತ್ತ, ಹಾದುಹೋದವರನ್ನೆಲ್ಲ ಕರೆದು ತೋರಿಸುತ್ತ ಓಡಾಡಿದರು. ಸಂಜೆಯ ಹೊತ್ತಿಗೆ ಆಶ್ರಮದ ಅಡುಗೆಯವರು, ಹೂದೋಟದವರು ಎಲ್ಲರೂ ಅವರ ಸುತ್ತ ಸೇರಿದ್ದರು. ಒಬ್ಬರ ಮಾತಿನ ಮೇಲೆ ಒಬ್ಬರು ಪ್ರಶ್ನೆ ಕೇಳುತ್ತಿದ್ದರು.

ಕುಮುದಿನಿ ದೂರ ನಿಂತು ನೋಡಿದಳು. ಮೇಷ್ಟ್ರ ಗೌರವಕ್ಕೆ ಏನೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಕುಮುದಿನಿ ಇನಾಯತ್ ರಾಜೀನಾಮೆಯ ವಿಷಯ ಎತ್ತಿದಾಗ ಮೇಷ್ಟ್ರು ಹೇಳಿದರು, "ಇನಾಯತ್ ಸಾಹೇಬರನ್ನ ಕರೆಸು."

"ಅವರು ಬಿಟ್ಟು ಹೋಗುವವರು. ಕರೆದು ಏನು ಹೇಳಲಿ?"

"ನಿನಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಕೇಳು."

ಕುಮುದಿನಿ ಬಹಳ ಹೊತ್ತು ಫೋನು ಹಿಡಿದು ಕೂತಳು. ಕೊನೆಗೆ ಒತ್ತಿದಳು.

"ಇನಾಯತ್ ಭಾಯ್, ಈ ಎಐ ಹಾಕಿಕೊಟ್ಟ ಲಾರಿ ಪಟ್ಟಿ ಸರಿಯೋ ತಪ್ಪೋ ನನಗೆ ತಿಳೀತಿಲ್ಲ. ಒಂದು ಸಲ ಬಂದು ನೋಡ್ತೀರಾ?"

ಆ ಕಡೆ ಇನಾಯತ್ ಮನೆಯಲ್ಲಿ ಯಾರನ್ನೋ ಬಸ್ಸಿನ ಹೊತ್ತು ಕೇಳಿದರು.

"ನಾಳೆ ಮೊದಲ ಬಸ್ಸಿಗೆ ಬರ್ತೀನಿ ಮೇಡಂ."

ಭಾನುವಾರ ಬೆಳಿಗ್ಗೆ ಇಬ್ಬರೂ ನದಿಯ ಮೆಟ್ಟಿಲ ಮೇಲೆ ಕೂತರು. ನಡುವೆ ಲ್ಯಾಪ್‌ಟಾಪು. ಇನಾಯತ್ ಕನ್ನಡಕ ಏರಿಸಿ ಪಟ್ಟಿಯ ಮೇಲೆ ಬೆರಳಾಡಿಸಿದರು.

"ಇದು ಆಗಲ್ಲ. ಈ ಊರಲ್ಲಿ ಬುಧವಾರ ಸಂತೆ. ಲಾರಿ ಇರಲಿ, ಸೈಕಲ್ಲೂ ನುಗ್ಗಲ್ಲ."

ಕುಮುದಿನಿ ಗುರುತು ಹಾಕಿಕೊಂಡಳು. ಬೆರಳು ಕೆಳಗಿಳಿಯಿತು, ನಿಂತಿತು.

"ಅರೇ! ಗುಂಡ್ಲುಪೇಟೆಯಿಂದ ಖಾಲಿ ವಾಪಸ್ ಬರ್ತಿದ್ದ ಲಾರೀನ ಚಾಮರಾಜನಗರದ ಮೇಲೆ ತಿರುಗಿಸಿ ಸರಕು ತುಂಬಿಸಿದೆ. ಇಪ್ಪತ್ತಾರು ವರ್ಷದಲ್ಲಿ ನನಗೆ ಇದು ಹೊಳೀಲಿಲ್ಲವಲ್ಲ!"

ಅವರು ತೊಡೆ ತಟ್ಟಿಕೊಂಡು ನಕ್ಕರು. ನಗು ಮುಗಿದ ಮೇಲೆ ನದಿಯನ್ನು ನೋಡುತ್ತ ಕೇಳಿದರು.

"ಮೇಡಂ, ನನ್ನ ಕೆಲಸ ಹೋಗುತ್ತಾ?"

ಕುಮುದಿನಿ ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಕೆಳಗಿನ ಮೆಟ್ಟಿಲಲ್ಲಿ ಪಂಚೆ ಎತ್ತಿ ಹಿಡಿದು ಕಾಲು ತೊಳೆಯುತ್ತಿದ್ದರು.

"ಈಗಿರುವ ಹಾಗೇ ಇರಲ್ಲ ಇನಾಯತ್ ಭಾಯ್," ಎಂದಳು. "ನಿಮ್ಮನ್ನ ಕೇಳದೆ ಈ ಪಟ್ಟಿಯ ಮೇಲೆ ಒಂದು ಲಾರಿಯೂ ಹೊರಡಲ್ಲ. ಅಷ್ಟು ಮಾತು ಕೊಡ್ತೀನಿ. ಐದು ವರ್ಷದ ಮೇಲೆ ಹೇಗಿರುತ್ತೋ, ನನಗೂ ಗೊತ್ತಿಲ್ಲ."

ಇನಾಯತ್ ತಲೆಯಾಡಿಸಿದರು. "ಇಷ್ಟು ಹೇಳಿದಿರಲ್ಲ, ಸಾಕು. ನೀವು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಯಾರನ್ನ ಮನೆಗೆ ಕಳಿಸಬೇಕು ಅಂತ ಪಟ್ಟಿ ಮಾಡ್ತಿದ್ದೀರಿ ಅಂತ ಇಡೀ ಆಫೀಸು ನಂಬಿದೆ."

"ಅಯ್ಯೋ, ನಾನು ಇದನ್ನ ಕಲೀತಿದ್ದೆ! ತಪ್ಪು ಮಾಡ್ತೀನಿ ಅಂತ ನಾಚಿಕೆಯಾಗಿ ಬಾಗಿಲು ಹಾಕಿಕೊಳ್ತಿದ್ದೆ!"

ಇನಾಯತ್ ಆಕೆಯನ್ನೇ ದಿಟ್ಟಿಸಿದರು. ಆಮೇಲೆ ಮೆಲ್ಲಗೆ ಹೇಳಿದರು, "ನಾನೂ ಮನೆಯಲ್ಲಿ ಕದ್ದು ಕಲಿತೆ ಮೇಡಂ. ನನ್ನ ರಾಜೀನಾಮೆ ಪತ್ರ ಬರೆದಿದ್ದು ಯಾರು ಅಂದುಕೊಂಡಿರಿ? ಎಐ!"

"ಅದಕ್ಕೇ ಅಷ್ಟು ಚೆನ್ನಾಗಿತ್ತು!"

ಮೂವರೂ ನಕ್ಕ ಸದ್ದಿಗೆ ಆಚೆ ದಡದ ಬೆಳ್ಳಕ್ಕಿಗಳು ಎದ್ದು ಹಾರಿದವು.

ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಹೊರಟರು. ಇನಾಯತ್ ಕಾರಿನಲ್ಲಿ ಕೂತು ಫೋನಿನಲ್ಲಿ ಯಾರಿಗೋ ಗುಂಡ್ಲುಪೇಟೆಯ ಲಾರಿಯ ಕಥೆ ಹೇಳುತ್ತಿದ್ದರು. ರಾಜೀನಾಮೆಯ ಮಾತು ಮತ್ತೆ ಬರಲಿಲ್ಲ.

ಕುಮುದಿನಿ ಮೇಷ್ಟ್ರ ಕಾಲು ಮುಟ್ಟಿ ನಮಸ್ಕರಿಸಿದಳು.

"ಒಂದೇ ಒಂದು ಕೇಳ್ತೀನಿ ಮೇಷ್ಟ್ರೇ. ನಾಳೆ ಮುನ್ನೂರು ಜನರ ಮುಂದೆ ನಿಂತಾಗ ಮೊದಲು ಏನು ಹೇಳಲಿ?"

ಮೇಷ್ಟ್ರು ಕಾರಿನ ಬಾಗಿಲು ತೆರೆದು ಹಿಡಿದರು.

"ನಿಂತ್ಕೊಳ್ಳೋದು ಯಾಕಮ್ಮ? ಸ್ವಲ್ಪ ಸರಿದು ಜಾಗ ಕೊಡಿ ಅಂತ ಕೇಳಿ, ಅವರ ಮಧ್ಯೆ ಕೂತ್ಕೊ."