ಗೌಡನ ಅಟ್ಟದ ಕುಡುಗೋಲುಗಳು

“ಗುರುಗಳೇ, ತಲೆ ಕೆಟ್ಟವನಲ್ಲದೆ ಬೇರೆ ಯಾರಾದರೂ ಮನುಷ್ಯನನ್ನು ಕಡಿದು ಹಾಕಿಯಾರೇ?” ಎಂದು ಶಿಷ್ಯ ಕೇಳಿದ. ಮಠದ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಒಬ್ಬ ತರಕಾರಿ ಹೆಚ್ಚುತ್ತಿದ್ದ. ಅವನನ್ನು ಹೊರಗೆ ಹಾಕಿಸಬೇಕೆಂಬುದು ಶಿಷ್ಯನ ಮನಸ್ಸು. ಗುರು ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಅವಳ ತಮ್ಮ ಗಾಳಿಯೊಡನೆ ಮಾತಾಡುತ್ತಿದ್ದ. ಆದರೆ ಮಣ್ಣನ್ನು ಅವನಷ್ಟು ಹದವಾಗಿ ತುಳಿಯುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಅಕ್ಕನಿಗೆ ಅವನೆಂದರೆ ಪ್ರಾಣ, ಊರಿಗೆ ಅವನೆಂದರೆ ಭಯ. ಅವನ ಮಾತು ಜೋರಾದ ದಿನ ಊರವರು ತಮ್ಮ ಕುಡುಗೋಲು ಕೊಡಲಿಗಳನ್ನೆಲ್ಲ ಗೌಡನ ಅಟ್ಟಕ್ಕೆ ಸಾಗಿಸಿ ಬೀಗ ಹಾಕಿಸುತ್ತಿದ್ದರು. ಗೌಡ ಎಂದೂ ದನಿ ಏರಿಸಿದವನಲ್ಲ. ಅವನಿಗಿಂತ ನಂಬಿಗಸ್ತ ಇನ್ಯಾರು?

ಅಂಥ ಒಂದು ದಿನ ಹೊಲದ ಬದುವಿನ ಮೇಲೆ ಒಬ್ಬ ರೈತ ಕುಡುಗೋಲಿನ ಏಟಿಗೆ ಸತ್ತು ಬಿದ್ದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಊರು ಅದು. ಹಗ್ಗ ಹಿಡಿದು ನೇರ ಕುಂಬಾರಗಿತ್ತಿಯ ಮನೆಗೇ ಬಂದರು. ಮುಂದೆ ಗೌಡನೇ ಇದ್ದ. ತಮ್ಮನನ್ನು ಕೊಂದೇಬಿಡುತ್ತಾರೆಂದು ಅವಳಿಗೆ ಹೆದರಿಕೆಯಾಯಿತು. ಆದರೂ ಬಾಗಿಲಿಗೆ ಅಡ್ಡ ನಿಂತಳು.

“ಊರಿನ ಕುಡುಗೋಲೆಲ್ಲ ನಿಮ್ಮ ಅಟ್ಟದಲ್ಲಿದ್ದವು ಗೌಡ್ರೇ. ಬೀಗದ ಕೈ ಯಾರ ಸೊಂಟದಲ್ಲಿತ್ತು?”

ಎಲ್ಲರ ಕಣ್ಣೂ ಗೌಡನ ಸೊಂಟದ ಮೇಲೆ ಬಿತ್ತು. ಗೌಡ ಎಂದಿನ ದನಿಯಲ್ಲೇ ಹೇಳಿದ: “ಹನ್ನೆರಡು ವರ್ಷದ ಹಿಂದೆ ಮದುವೆ ಪಂಕ್ತಿಯಲ್ಲಿ ಆ ರೈತ ನನಗಿಂತ ಮೊದಲು ಬಡಿಸಿಕೊಂಡು ಉಂಡಿದ್ದ. ನಿನ್ನ ತಮ್ಮನ ಮಾತು ಜೋರಾಗುವ ದಿನಕ್ಕೆ ಕಾದಿದ್ದೆ.”

ಜನ ತಲೆ ತಗ್ಗಿಸಿದರು. “ಪಾಪ, ಗೌಡ್ರಿಗೆ ಆ ಹೊತ್ತು ತಲೆ ಕೆಟ್ಟಿರಬೇಕು” ಎಂದ ಒಬ್ಬ ಮುದುಕ.

ಕುಂಬಾರಗಿತ್ತಿಗೆ ಈಗ ನಿಜವಾಗಿ ಸಿಟ್ಟು ಬಂತು. “ಗೌಡ್ರು ಮಾಡಿದ್ದನ್ನೂ ತಲೆ ಕೆಟ್ಟಿದ್ದಕ್ಕೆ ಅಂತ ನಮ್ಮ ಬಾಗಿಲಿಗೇ ತಂದು ಸುರೀತೀರಾ?” ಎಂದಳು.

ಗೌಡನನ್ನು ರಾಜಭಟರು ಹಿಡಿದೊಯ್ದರು. ಮರುದಿನ ಅಟ್ಟ ಖಾಲಿಯಾಗಿ ಕುಡುಗೋಲುಗಳು ಅವರವರ ಮನೆ ಸೇರಿದವು. ತಮ್ಮ ಗಾಳಿಯೊಡನೆ ಹರಟುತ್ತ ಮಣ್ಣು ತುಳಿದ, ಅಕ್ಕ ಮಡಕೆ ತಟ್ಟಿದಳು. ಇಬ್ಬರೂ ಬಹುಕಾಲ ಸುಖವಾಗಿದ್ದರು.

ಶಿಷ್ಯ ಬಿಡಲಿಲ್ಲ. “ಗೌಡನ ಮನಸ್ಸಿನಲ್ಲಿ ಇದ್ದದ್ದು ಹನ್ನೆರಡು ವರ್ಷವಾದರೂ ಊರಿಗೆ ತಿಳಿಯಲಿಲ್ಲವೇ?”

ಗುರು ನಕ್ಕರು. “ಊರೆಲ್ಲ ಇನ್ನೊಬ್ಬನ ಮಾತಿಗೆ ಕಿವಿಗೊಟ್ಟು ಕೂತಿತ್ತಲ್ಲಪ್ಪ, ನೀನೀಗ ಅಡುಗೆಮನೆಗೆ ಕಿವಿಗೊಟ್ಟಿರುವ ಹಾಗೆ.”